ಕೆಂಪು ಎಂದರೆ ಎಷ್ಟು ಕೆಂಪು?

ಶಾಲೆ ಆರಂಭವಾದ ಮೊದಲ ವಾರ, ಒಂದೇ ಬೆಂಚಿನ ಇಬ್ಬರು ವಿದ್ಯಾರ್ಥಿಗಳ ಹೊಸ ಸಮಾಜ ವಿಜ್ಞಾನ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರ ಭೂಪಟದಲ್ಲಿ ಪಶ್ಚಿಮ ಘಟ್ಟದ ಕಾಡು ಎಳೆ ಬಾಳೆಲೆಯಂತೆ ತಿಳಿಹಸಿರಾಗಿದ್ದರೆ, ಇನ್ನೊಂದರಲ್ಲಿ ಅದೇ ಕಾಡು ಕಂದು ಬೆರೆತ ಕಡುಹಸಿರಾಗಿರಬಹುದು. ಪಾಠ ಒಂದೇ, ಪುಟ ಒಂದೇ, ಚಿತ್ರವೂ ಒಂದೇ. ಲಗ್ನಪತ್ರಿಕೆ ಸಾಲದೆ ಬಂದು ಮತ್ತೆ ನೂರು ಪ್ರತಿ ಅಚ್ಚು ಹಾಕಿಸಿದವರಿಗೂ ಈ ಅನುಭವ ಹೊಸದಲ್ಲ. ಮೊದಲ ಕಂತಿನ ಕುಂಕುಮ ಕೆಂಪು ಎರಡನೇ ಕಂತಿನಲ್ಲಿ ಇಟ್ಟಿಗೆ ಕೆಂಪಾಗಿರುತ್ತದೆ.

‘ಬಣ್ಣ ಅಂದಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತೆ ಸಾರ್’ ಎಂಬುದು ಇದಕ್ಕೆ ಮುದ್ರಣಾಲಯಗಳಲ್ಲಿ ಸಿಗುವ ಸಾಮಾನ್ಯ ಉತ್ತರ. ಆದರೆ ಆ ‘ಸ್ವಲ್ಪ’ ಎಂದರೆ ಎಷ್ಟು? ಅಕ್ಕಿಯನ್ನು ತೂಗಲು ಕಿಲೋ ಇದೆ, ಬಟ್ಟೆಯನ್ನು ಅಳೆಯಲು ಮೀಟರ್ ಇದೆ. ಬಣ್ಣವನ್ನು ಅಳೆಯುವುದು ಹೇಗೆ? ಬೆಂಗಳೂರಿನಲ್ಲಿ ಅಚ್ಚಾದ ಕೆಂಪು ಬರ್ಲಿನ್‌ನಲ್ಲಿ ಅಚ್ಚಾದ ಕೆಂಪಿಗೆ ಸಮ ಎಂದು ಹೇಳುವವರು ಯಾರು? ಸುಮಾರು ನೂರು ವರ್ಷಗಳಿಂದ ವಿಜ್ಞಾನಿಗಳೂ ಮುದ್ರಕರೂ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿದ್ದಾರೆ. ಅದರ ಫಲವೇ ಇಂದಿನ ಬಣ್ಣದ ಪ್ರೊಫೈಲ್‌ಗಳು ಮತ್ತು ಅಂತರರಾಷ್ಟ್ರೀಯ ಮಾನಕಗಳು.

ನಾಲ್ಕೇ ಶಾಯಿ, ಸಾವಿರಾರು ಬಣ್ಣ

ವಾರಪತ್ರಿಕೆಯ ಯಾವುದಾದರೂ ಬಣ್ಣದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ಬಯಲಾಗುತ್ತದೆ. ನಟಿಯ ಕೆನ್ನೆಯ ಕೆಂಪು, ಮಾವಿನ ಹಣ್ಣಿನ ಹೊಂಬಣ್ಣ, ಕಡಲ ನೀಲಿ ಎಲ್ಲವೂ ಪುಟ್ಟ ಚುಕ್ಕಿಗಳ ಗುಂಪು. ಚುಕ್ಕಿಗಳ ಬಣ್ಣ ನಾಲ್ಕೇ: ಆಕಾಶನೀಲಿಗೆ ಹತ್ತಿರದ ಸಯಾನ್, ರಾಣಿ ಬಣ್ಣಕ್ಕೆ ಹತ್ತಿರದ ಮೆಜೆಂಟಾ, ಹಳದಿ ಮತ್ತು ಕಪ್ಪು. ಚುಕ್ಕಿ ದೊಡ್ಡದಾದಲ್ಲಿ ಬಣ್ಣ ಗಾಢವಾಗಿಯೂ, ಚಿಕ್ಕದಾದಲ್ಲಿ ಕಾಗದದ ಬಿಳುಪು ಬೆರೆತು ತಿಳಿಯಾಗಿಯೂ ಕಾಣುತ್ತದೆ. ನುಣುಪು ಕಾಗದದ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗೆ 60 ಸಾಲು ಚುಕ್ಕಿಗಳಿರುತ್ತವೆ. ಅಂದರೆ ಒಂದು ಚದರ ಸೆಂಟಿಮೀಟರಿನಲ್ಲಿ ಪ್ರತಿ ಬಣ್ಣಕ್ಕೂ 3600 ಚುಕ್ಕಿಗಳು! ದಿನಪತ್ರಿಕೆಯ ಒರಟು ಕಾಗದದಲ್ಲಿ 40 ಸಾಲುಗಳಿದ್ದರೆ ಈ ಸಂಖ್ಯೆ 1600ಕ್ಕೆ ಇಳಿಯುತ್ತದೆ.

ಈ ಚುಕ್ಕಿಗಳು ಕಾಗದ ಸೇರುವ ದಾರಿ ಸ್ವಾರಸ್ಯಕರ. ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಚಿತ್ರವಿರುವ ಭಾಗ ಎಣ್ಣೆಯಂಶದ ಶಾಯಿಯನ್ನು ಹಿಡಿದುಕೊಳ್ಳುತ್ತದೆ. ಉಳಿದ ಭಾಗ ನೀರನ್ನು ಹಿಡಿದು ಶಾಯಿಯನ್ನು ದೂರವಿಡುತ್ತದೆ. ಎಣ್ಣೆ ಮತ್ತು ನೀರಿನ ಹಗೆತನವೇ ಇಲ್ಲಿನ ಬಂಡವಾಳ. ಪ್ಲೇಟಿನ ಮೇಲಿನ ಚಿತ್ರ ಮೊದಲು ರಬ್ಬರಿನ ಹೊದಿಕೆಯ ಮೇಲೆ ಇಳಿದು, ಅಲ್ಲಿಂದ ಕಾಗದಕ್ಕೆ ಹೋಗುತ್ತದೆ. ಹೀಗೆ ನೇರವಾಗಿ ಅಲ್ಲದೆ ಬಳಸುದಾರಿಯಲ್ಲಿ ಅಚ್ಚಾಗುವುದರಿಂದಲೇ ಇದಕ್ಕೆ ಆಫ್‌ಸೆಟ್ ಎಂಬ ಹೆಸರು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಐರಾ ರುಬೆಲ್ ಎಂಬ ಮುದ್ರಕರ ಯಂತ್ರಕ್ಕೆ ಒಮ್ಮೆ ಕಾಗದ ಹೋಗುವುದು ತಪ್ಪಿತು. ಚಿತ್ರ ಯಂತ್ರದ ರಬ್ಬರ್ ಉರುಳೆಯ ಮೇಲೆಯೇ ಮೂಡಿತು. ಮುಂದಿನ ಹಾಳೆಯ ಹಿಂಬದಿಗೆ ರಬ್ಬರಿನಿಂದ ಅಂಟಿದ ಚಿತ್ರ, ಮುಂಬದಿಯ ಚಿತ್ರಕ್ಕಿಂತ ಸ್ಪಷ್ಟವಾಗಿತ್ತು! ಆ ಎಡವಟ್ಟನ್ನು ಗಮನಿಸಿದ ರುಬೆಲ್ ಕಾಗದಕ್ಕಾಗಿ ಆಫ್‌ಸೆಟ್ ಯಂತ್ರವನ್ನು ರೂಪಿಸಿದರು.

ಬಣ್ಣ ತಪ್ಪುವುದು ಎಲ್ಲಿ?

ಕಾಗದದ ಮೇಲೆ ಕುಳಿತ ಶಾಯಿಯ ಪದರ ಸುಮಾರು ಒಂದು ಮೈಕ್ರಾನ್ ದಪ್ಪ; ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನೀರು ಕೊಂಚ ಹೆಚ್ಚಾದರೆ ಬಣ್ಣ ಪೇಲವವಾಗುತ್ತದೆ, ಶಾಯಿ ಕೊಂಚ ಹೆಚ್ಚಾದರೆ ಚಿತ್ರ ಮಂಕಾಗುತ್ತದೆ. ಕೊಠಡಿಯ ಬಿಸಿ, ಗಾಳಿಯ ತೇವ, ರಬ್ಬರ್ ಹೊದಿಕೆಯ ವಯಸ್ಸು, ಯಂತ್ರದ ವೇಗ ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ.

ಇನ್ನೊಂದು ತೊಡಕು ಚುಕ್ಕಿಯದು. ಒತ್ತಡಕ್ಕೆ ಸಿಕ್ಕ ಶಾಯಿಯ ಚುಕ್ಕಿ ಕಾಗದದ ಮೇಲೆ ಹರಡಿ ಹಿಗ್ಗುತ್ತದೆ. ಬೆಳಕು ಕಾಗದದೊಳಗೆ ಚದುರುವುದರಿಂದಲೂ ಅದು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮುದ್ರಕರ ಮಾತಿನಲ್ಲಿ ಇದು ‘ಡಾಟ್ ಗೇನ್’. ಕಂಪ್ಯೂಟರಿನಲ್ಲಿ ಶೇ. 50 ಎಂದು ಗುರುತಿಸಿದ ಜಾಗ, ನುಣುಪು ಕಾಗದದಲ್ಲಿ ಸುಮಾರು ಶೇ. 65ರಷ್ಟು ತುಂಬಿದಂತೆ ಕಾಣುತ್ತದೆ. ಶಾಯಿಯನ್ನು ಹೀರುವ ದಿನಪತ್ರಿಕೆಯ ಕಾಗದದಲ್ಲಿ ಅದೇ ಜಾಗ ಸುಮಾರು ಶೇ. 76ಕ್ಕೆ ಏರುತ್ತದೆ. ಸಾಲದ್ದಕ್ಕೆ ಆ ಕಾಗದದ ಮೈಬಣ್ಣವೇ ಬೂದು ಮಿಶ್ರಿತ ಹಳದಿ. ಆರ್ಟ್ ಪೇಪರಿನಲ್ಲಿ ಜಗಮಗಿಸಿದ ಅದೇ ಸೀರೆಯ ಜಾಹೀರಾತು ದಿನಪತ್ರಿಕೆಯಲ್ಲಿ ಸೊರಗುವುದು ಇದರಿಂದ.

ಆದ್ದರಿಂದ ‘ಸಯಾನ್ 50, ಹಳದಿ 80’ ಎಂದು ಬರೆದರೆ ಅದು ಬಣ್ಣದ ಹೆಸರಾಗುವುದಿಲ್ಲ. ಯಂತ್ರಕ್ಕೆ ಕೊಟ್ಟ ಅಪ್ಪಣೆ ಮಾತ್ರ ಆಗುತ್ತದೆ. ‘ಸಾರಿಗೆ ಎರಡು ಚಮಚ ಉಪ್ಪು’ ಎಂದು ಹೇಳಿದ ಹಾಗೆ. ಚಮಚ ಎಷ್ಟು ದೊಡ್ಡದು, ಉಪ್ಪು ಕಲ್ಲುಪ್ಪೋ ಪುಡಿಯುಪ್ಪೋ, ಪಾತ್ರೆಯಲ್ಲಿ ನೀರೆಷ್ಟು ಎಂಬುದು ತಿಳಿಯದೆ ರುಚಿಯನ್ನು ಹೇಳುವಂತಿಲ್ಲ. ಪಠ್ಯಪುಸ್ತಕದ ಲಕ್ಷಾಂತರ ಪ್ರತಿಗಳು ಬೇಕಾದಾಗ ಕೆಲಸ ಹಲವು ಮುದ್ರಣಾಲಯಗಳಿಗೆ ಹಂಚಿಕೆಯಾಗುತ್ತದೆ. ಅಪ್ಪಣೆ ಎಲ್ಲರಿಗೂ ಒಂದೇ. ಆದರೆ ಅಡುಗೆಮನೆಗಳು ಬೇರೆ ಬೇರೆ!

ಕಣ್ಣಿನ ತೀರ್ಪಿಗೆ ಅಂಕಿಗಳು

ಹಾಗಾದರೆ ರುಚಿಯನ್ನೇ, ಅಂದರೆ ಕಣ್ಣಿಗೆ ಕಾಣುವ ಬಣ್ಣವನ್ನೇ ಅಳೆಯಬೇಕು. 1920ರ ದಶಕದಲ್ಲಿ ಇಂಗ್ಲೆಂಡಿನ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಎಂಬ ಇಬ್ಬರು ವಿಜ್ಞಾನಿಗಳು, ಒಬ್ಬರಿಂದೊಬ್ಬರು ಬೇರೆಯಾಗಿ, ಈ ಕೆಲಸಕ್ಕೆ ಕೈಹಾಕಿದರು. ಕತ್ತಲೆ ಕೋಣೆಯಲ್ಲಿ ಕುಳಿತ ವ್ಯಕ್ತಿಗೆ ಎರಡು ಭಾಗದ ಒಂದು ಪುಟ್ಟ ಕಿಂಡಿ ಕಾಣುತ್ತದೆ. ಒಂದು ಭಾಗದಲ್ಲಿ ಕಾಮನಬಿಲ್ಲಿನ ಯಾವುದೋ ಒಂದು ಶುದ್ಧ ಬಣ್ಣ. ಇನ್ನೊಂದರಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಎರಡೂ ಒಂದೇ ಎನ್ನಿಸುವವರೆಗೆ ಮೂರು ಬೆಳಕುಗಳ ಪ್ರಮಾಣವನ್ನು ತಿರುಗಿಸುತ್ತ ಹೋಗಬೇಕು. ರೈಟ್ ಅವರ ಪ್ರಯೋಗದಲ್ಲಿ ಕಣ್ಣು ಕೊಟ್ಟವರು 10 ಮಂದಿ, ಗಿಲ್ಡ್ ಅವರದರಲ್ಲಿ 7 ಮಂದಿ. ಈ 17 ಜನರ ಕಣ್ಣುಗಳ ಸರಾಸರಿಯ ಮೇಲೆ, 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗವು ‘ಮಾನಕ ನೋಡುಗ’ನನ್ನು ಸೃಷ್ಟಿಸಿತು. ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಈ ಆಯೋಗ ಸಿಐಇ ಎಂದು ಪ್ರಸಿದ್ಧ. ಜಗತ್ತಿನ ಬಣ್ಣಗಳ ಲೆಕ್ಕವೆಲ್ಲ ಇಂದಿಗೂ ಬಹುಮಟ್ಟಿಗೆ ಆ 17 ಜೊತೆ ಕಣ್ಣುಗಳ ಋಣದಲ್ಲಿದೆ.

ನಮ್ಮ ರಾಷ್ಟ್ರಧ್ವಜವೂ ಇದೇ ಲೆಕ್ಕಕ್ಕೆ ಒಳಪಟ್ಟಿದೆ. ಸ್ವತಂತ್ರ ಭಾರತದ ‘ಐಎಸ್ 1’, ಅಂದರೆ ಒಂದನೇ ಸಂಖ್ಯೆಯ ಮಾನಕವೇ ಧ್ವಜದ್ದು. 1951ರಲ್ಲಿ ಹೊರಬಂದ ಅದು 1968ರಲ್ಲಿ ಪರಿಷ್ಕೃತವಾಯಿತು. ಕೇಸರಿಯ ಬಣ್ಣ ಎಂದರೆ ಎಕ್ಸ್ 0.538, ವೈ 0.360, ಹಸಿರು ಎಂದರೆ ಎಕ್ಸ್ 0.288, ವೈ 0.395 ಎಂದು ಸಿಐಇ ಅಂಕಿಗಳಲ್ಲೇ ಅದು ಹೇಳುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಯಾರಿಸುವ ಖಾದಿ ಧ್ವಜದ ಬಣ್ಣ ಈ ಮಾನಕಕ್ಕೆ ಹೊಂದಲೇಬೇಕು. ಧ್ವಜದ ಕೇಸರಿಗೆ ‘ಸ್ವಲ್ಪ ಹೆಚ್ಚುಕಡಿಮೆ’ ಎಂಬ ಸಬೂಬು ನಡೆಯದು.

1976ರಲ್ಲಿ ಸಿಐಇ ಇನ್ನೂ ಅನುಕೂಲವಾದ ಪದ್ಧತಿಯೊಂದನ್ನು ಕೊಟ್ಟಿತು. ಅದರಲ್ಲಿ ಪ್ರತಿ ಬಣ್ಣಕ್ಕೂ ಮೂರು ಅಂಕಿ. ‘ಎಲ್’ ಎಂದರೆ ಹೊಳಪು. ಕಪ್ಪಿಗೆ 0, ಬಿಳಿಗೆ 100. ‘ಎ’ ಧನವಾದರೆ ಕೆಂಪಿನ ಕಡೆ, ಋಣವಾದರೆ ಹಸಿರಿನ ಕಡೆ. ‘ಬಿ’ ಧನವಾದರೆ ಹಳದಿಯ ಕಡೆ, ಋಣವಾದರೆ ನೀಲಿಯ ಕಡೆ. ಅಲ್ಲಿಗೆ ಪ್ರತಿ ಬಣ್ಣವೂ ಮೂರು ಆಯಾಮದ ಜಾಗದಲ್ಲಿ ಒಂದು ಬಿಂದುವಾಯಿತು. ಎರಡು ಬಣ್ಣಗಳ ವ್ಯತ್ಯಾಸವೆಂದರೆ ಎರಡು ಬಿಂದುಗಳ ನಡುವಿನ ದೂರ. ಇದನ್ನು ‘ಡೆಲ್ಟಾ ಇ’ ಎನ್ನುತ್ತಾರೆ. ಹತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತ ಓದಿದವರಿಗೆ ಈ ಲೆಕ್ಕ ಕಷ್ಟವೇನಲ್ಲ. ಸುಮಾರು 1ರಷ್ಟು ದೂರವನ್ನು ಪಳಗಿದ ಕಣ್ಣು ಅಕ್ಕಪಕ್ಕ ಇಟ್ಟಾಗ ಗುರುತಿಸಬಲ್ಲದು. 5ರ ವ್ಯತ್ಯಾಸ ಸಾಮಾನ್ಯರಿಗೂ ಕಾಣುತ್ತದೆ.

ಯಂತ್ರಗಳಿಗೊಂದು ಸಂಪರ್ಕ ಭಾಷೆ

ಬಣ್ಣವನ್ನು ಅಳೆಯುವುದು ಸಾಧ್ಯವಾಯಿತು. ಆದರೆ ಕ್ಯಾಮೆರಾ, ಸ್ಕ್ಯಾನರ್, ಕಂಪ್ಯೂಟರ್ ಪರದೆ, ಮುದ್ರಣ ಯಂತ್ರ ಪ್ರತಿಯೊಂದಕ್ಕೂ ತನ್ನದೇ ಮಾತೃಭಾಷೆ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಮಾತನಾಡಿದರೆ ಆಫ್‌ಸೆಟ್ ಯಂತ್ರ ನಾಲ್ಕು ಶಾಯಿಗಳಲ್ಲಿ ಮಾತನಾಡುತ್ತದೆ. ಹತ್ತು ಬಗೆಯ ಕ್ಯಾಮೆರಾಗಳಿಂದ ಹತ್ತು ಬಗೆಯ ಯಂತ್ರಗಳಿಗೆ ನೇರ ಅನುವಾದ ಬೇಕೆಂದರೆ 100 ನಿಘಂಟುಗಳು ಬೇಕಾಗುತ್ತವೆ. ಎಲ್ಲವೂ ಒಂದು ಸಂಪರ್ಕ ಭಾಷೆಯ ಮೂಲಕ ಮಾತನಾಡಿದರೆ 20 ನಿಘಂಟುಗಳು ಸಾಕು.

1993ರಲ್ಲಿ ಅಡೋಬ್, ಆಪಲ್, ಕೊಡಕ್, ಆಗ್ಫಾ, ಮೈಕ್ರೋಸಾಫ್ಟ್ ಸೇರಿದಂತೆ ಎಂಟು ಕಂಪನಿಗಳು ಕೂಡಿ ‘ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ’, ಚಿಕ್ಕದಾಗಿ ಐಸಿಸಿ, ಎಂಬ ಕೂಟವನ್ನು ಕಟ್ಟಿದವು. ಪೇಟೆಯಲ್ಲಿ ಒಬ್ಬರಿಗೊಬ್ಬರು ಪೈಪೋಟಿ ನಡೆಸುವ ಕಂಪನಿಗಳು ಬಣ್ಣದ ವಿಚಾರಕ್ಕೆ ಒಂದೇ ಮೇಜಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಆ ಕೂಟ ನಿಗದಿಪಡಿಸಿದ ನಿಘಂಟೇ ‘ಐಸಿಸಿ ಪ್ರೊಫೈಲ್’. 2005ರಲ್ಲಿ ಅದು ಐಎಸ್‌ಒ 15076-1 ಎಂಬ ಅಂತರರಾಷ್ಟ್ರೀಯ ಮಾನಕವೂ ಆಯಿತು.

ಪ್ರೊಫೈಲ್ ಎಂದರೆ ಒಂದು ಕಂಪ್ಯೂಟರ್ ಕಡತ. ‘ಈ ಯಂತ್ರದಲ್ಲಿ, ಈ ಕಾಗದದ ಮೇಲೆ, ಇಷ್ಟಿಷ್ಟು ಶಾಯಿ ಬಿದ್ದರೆ ಕಣ್ಣಿಗೆ ಕಾಣುವ ಬಣ್ಣದ ಅಂಕಿ ಇದು’ ಎಂಬ ಕೋಷ್ಟಕ ಅದರೊಳಗಿರುತ್ತದೆ. ಅದನ್ನು ಮಾಡಲು ನಾಲ್ಕು ಶಾಯಿಗಳ ಬೇರೆ ಬೇರೆ ಮಿಶ್ರಣದ ಚೌಕಗಳುಳ್ಳ ಹಾಳೆಯನ್ನು ಅಚ್ಚು ಹಾಕುತ್ತಾರೆ. ಪ್ರಚಲಿತವಿರುವ ಅಂಥ ಒಂದು ಹಾಳೆಯಲ್ಲಿ 1617 ಚೌಕಗಳಿವೆ. ಒಂದೊಂದನ್ನೂ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣದಿಂದ ಅಳೆದು ಪಟ್ಟಿ ಮಾಡಿದರೆ ಪ್ರೊಫೈಲ್ ಸಿದ್ಧ. ಮುಂದೆ ‘ಇದೇ ಹಸಿರು ಬೇಕು’ ಎಂದಾಗ ಕಂಪ್ಯೂಟರ್ ಪಟ್ಟಿಯನ್ನು ಹಿಂದಿನಿಂದ ಓದಿ, ಯಾವ ಶಾಯಿ ಎಷ್ಟು ಬೇಕೆಂದು ಹೇಳುತ್ತದೆ.

ಎಲ್ಲ ಪದಗಳಿಗೂ ಅನುವಾದ ಇರುವುದಿಲ್ಲವಷ್ಟೆ. ಪರದೆಯ ಮೇಲೆ ಮಿನುಗುವ ಕೆಲವು ಹಸಿರು, ನೀಲಿಗಳು ನಾಲ್ಕು ಶಾಯಿಗಳ ಶಕ್ತಿಯನ್ನು ಮೀರಿದವು. ಹಾಡುಗಾರನಿಗೆ ತಾರಸ್ಥಾಯಿ ಎಟುಕದಿದ್ದರೆ ಏನು ಮಾಡುತ್ತಾನೆ? ಇಡೀ ಹಾಡಿನ ಶ್ರುತಿಯನ್ನೇ ಇಳಿಸಬಹುದು. ಇಲ್ಲವೇ ಎಟುಕದ ಸ್ವರಗಳನ್ನಷ್ಟೇ ತಗ್ಗಿಸಿ ಉಳಿದುದನ್ನು ಇದ್ದಂತೆಯೇ ಹಾಡಬಹುದು. ಪ್ರೊಫೈಲ್‌ಗಳಲ್ಲೂ ಈ ಎರಡು ದಾರಿಗಳಿವೆ. ನಿಸರ್ಗದ ಛಾಯಾಚಿತ್ರಕ್ಕೆ ಸಾಮಾನ್ಯವಾಗಿ ಮೊದಲನೆಯದು ಒಪ್ಪುತ್ತದೆ. ಕಂಪನಿಯ ಲಾಂಛನದಂತೆ ಬಣ್ಣ ಕದಲಬಾರದ ಕೆಲಸಕ್ಕೆ ಎರಡನೆಯದು ಮೇಲು.

ಮಾನಕ ಏನು ಹೇಳುತ್ತದೆ?

ನಿಘಂಟು ಇದ್ದರೆ ಸಾಲದು. ಮಾತನಾಡುವವನ ನಾಲಿಗೆ ಸ್ಥಿರವಾಗಿರಬೇಕು. ಬೆಳಿಗ್ಗೆ ಒಂದು ಬಗೆ, ಸಂಜೆ ಒಂದು ಬಗೆ ಅಚ್ಚು ಹಾಕುವ ಯಂತ್ರಕ್ಕೆ ಎಷ್ಟು ಒಳ್ಳೆಯ ಪ್ರೊಫೈಲ್ ಮಾಡಿದರೂ ವ್ಯರ್ಥ. ಮುದ್ರಣ ಪ್ರಕ್ರಿಯೆಯನ್ನೇ ಒಂದು ಹದಕ್ಕೆ ತರುವ ಕೆಲಸವನ್ನು ಮಾನಕಗಳು ಮಾಡುತ್ತವೆ.

ಇದರ ಒತ್ತಡ ಮೊದಲು ಬಂದದ್ದು ಜಾಹೀರಾತಿನವರಿಂದ. ಅಮೆರಿಕದ ನಿಯತಕಾಲಿಕಗಳಿಗೆ ಬೇರೆ ಬೇರೆ ಕಡೆಗಳಿಂದ ಬಂದ ಜಾಹೀರಾತುಗಳ ಫಿಲ್ಮುಗಳನ್ನು ಒಟ್ಟಿಗೇ ಅಚ್ಚು ಹಾಕಬೇಕಾಗುತ್ತಿತ್ತು. ಒಂದನ್ನು ಸರಿಪಡಿಸಿದರೆ ಪಕ್ಕದ್ದು ಕೆಡುತ್ತಿತ್ತು. ಈ ಪೇಚಾಟದಿಂದ 1970ರ ದಶಕದ ಮಧ್ಯದಲ್ಲಿ ಅಲ್ಲಿ ‘ಸ್ವಾಪ್’ ಎಂಬ ನಿಯಮಾವಳಿ ಹುಟ್ಟಿತು. ಯುರೋಪಿನಲ್ಲಿ ಮ್ಯೂನಿಕ್‌ನ ಫೋಗ್ರಾ ಸಂಶೋಧನಾ ಸಂಸ್ಥೆ ಇದೇ ದಿಕ್ಕಿನಲ್ಲಿ ದುಡಿಯಿತು. ಜಿನೀವಾದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ, 1996ರಲ್ಲಿ ಆಫ್‌ಸೆಟ್ ಮುದ್ರಣಕ್ಕೆಂದೇ 12647-2 ಎಂಬ ಮಾನಕವನ್ನು ಹೊರತಂದಿತು. ಅದು 2004ರಲ್ಲಿಯೂ 2013ರಲ್ಲಿಯೂ ಪರಿಷ್ಕೃತವಾಯಿತು. ದಿನಪತ್ರಿಕೆಗಳಿಗೆ ಇದೇ ಸರಣಿಯಲ್ಲಿ 12647-3 ಇದೆ. ಶಾಯಿಯ ಬಣ್ಣಕ್ಕೆ 2846-1 ಎಂಬ ಪ್ರತ್ಯೇಕ ಮಾನಕವಿದೆ.

ಯಾವ ಕಾಗದದ ಮೇಲೆ ಯಾವ ಶಾಯಿಯ ಬಣ್ಣದ ಅಂಕಿ ಎಷ್ಟಿರಬೇಕು, ಚುಕ್ಕಿ ಎಷ್ಟು ಹಿಗ್ಗಬಹುದು, ಎಷ್ಟು ತಪ್ಪನ್ನು ಮನ್ನಿಸಬಹುದು ಎಂಬುದೆಲ್ಲ ಈ ಮಾನಕದಲ್ಲಿದೆ. ಫೋಗ್ರಾದ 39ನೇ ಸಂಖ್ಯೆಯ ಪ್ರಸಿದ್ಧ ಪಟ್ಟಿಯ ಪ್ರಕಾರ, ನುಣುಪು ಕಾಗದದ ಮೇಲೆ ಮೆಜೆಂಟಾ ಶಾಯಿಯ ಎಲ್, ಎ, ಬಿ ಅಂಕಿಗಳು 48, 74, -3. ಒಂದು ಮುದ್ರಣಾಲಯದ ಹಾಳೆಯನ್ನು ಅಳೆದಾಗ 46, 71, -1 ಬಂತೆನ್ನಿ. ವ್ಯತ್ಯಾಸಗಳು 2, 3, 2. ಅವುಗಳ ವರ್ಗಗಳ ಮೊತ್ತ 4+9+4=17; ವರ್ಗಮೂಲ ಸುಮಾರು 4.1. ಮಾನಕ ಮನ್ನಿಸುವ ಮಿತಿ 5. ಆದ್ದರಿಂದ ಹಾಳೆ ಪಾಸು! 5 ದಾಟಿದ್ದರೆ ಯಂತ್ರ ನಿಲ್ಲಿಸಿ ಶಾಯಿಯನ್ನು ಸರಿಪಡಿಸಬೇಕು. ‘ಸ್ವಲ್ಪ’ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಹೀಗೆ.

ಅಂಗಡಿಯ ಬಾಗಿಲಿನ ಬೆಳಕು

ಸೀರೆ ಕೊಳ್ಳುವ ಹೆಂಗಸರು ಅದನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲ ಬೆಳಕಿನಲ್ಲಿ ನೋಡುವುದುಂಟು. ಇದು ಶುದ್ಧ ವಿಜ್ಞಾನ. ಟ್ಯೂಬ್‌ಲೈಟಿನಡಿ ಒಂದೇ ಎನ್ನಿಸಿದ ಸೀರೆ ಮತ್ತು ರವಿಕೆಯ ಬಣ್ಣಗಳು ಹಗಲಿನಲ್ಲಿ ಬೇರೆಯಾಗಿ ಕಾಣಬಹುದು. ಮುದ್ರಣದಲ್ಲೂ ಅಷ್ಟೆ. ಗ್ರಾಹಕ ಒಂದು ಬೆಳಕಿನಲ್ಲಿ ಪ್ರೂಫ್ ಒಪ್ಪಿ, ಮುದ್ರಕ ಇನ್ನೊಂದು ಬೆಳಕಿನಲ್ಲಿ ಅಚ್ಚು ಹಾಕಿದರೆ ಜಗಳ ಖಂಡಿತ. ಬೆಳಕಿನ ಬಗೆಯನ್ನೇ ಗೊತ್ತುಪಡಿಸುವ ಐಎಸ್‌ಒ 3664 ಎಂಬ ಮಾನಕ ಇದಕ್ಕಾಗಿಯೇ ಇದೆ. ಅದರಂತೆ ಪ್ರೂಫನ್ನು ಅಚ್ಚಾದ ಹಾಳೆಯೊಂದಿಗೆ ಹೋಲಿಸುವಾಗ 5000 ಕೆಲ್ವಿನ್ ಹಗಲುಬೆಳಕನ್ನು ಹೋಲುವ ದೀಪ ಬೇಕು. ಅದರ ಪ್ರಕಾಶ 2000 ಲಕ್ಸ್ ಇರಬೇಕು.

ಕಾಗದವೂ ಇಲ್ಲಿ ಆಟ ಆಡುತ್ತದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಇರುವಂಥ ‘ಬಿಳುಪುಕಾರಕ’ ರಾಸಾಯನಿಕಗಳನ್ನು ಈಗಿನ ಅನೇಕ ಕಾಗದಗಳಿಗೂ ಸೇರಿಸುತ್ತಾರೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುವ ಈ ಕಾಗದಗಳು ಬೇರೆ ಬೇರೆ ದೀಪದಡಿ ಬೇರೆ ಬೇರೆ ಬಿಳುಪನ್ನು ತೋರುತ್ತವೆ. ಬಣ್ಣವನ್ನು ಅಳೆಯುವ ನಿಯಮಗಳನ್ನು ತಿದ್ದಲು ಇದೂ ಒಂದು ಮುಖ್ಯ ಕಾರಣವಾಯಿತು.

‘ಹೆಚ್ಚುಕಡಿಮೆ’ಯ ಬೆಲೆ

ಸೀರೆಯ ಜಾಹೀರಾತು ಕೊಂಚ ಮಂಕಾದರೆ ಮುಳುಗುವುದೇನಿದೆ ಎಂದು ಕೇಳಬಹುದು. ಆದರೆ ಎಲ್ಲ ಮುದ್ರಣವೂ ಅಲಂಕಾರಕ್ಕಲ್ಲ. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ಪಿಎಚ್ ಪಟ್ಟಿಯನ್ನೇ ನೋಡಿ. ತಟಸ್ಥ ದ್ರಾವಣಕ್ಕೆ ಹಸಿರು; ಕೊಂಚ ಕ್ಷಾರವಾದರೆ ನೀಲಿ ಬೆರೆತ ಹಸಿರು. ಅಚ್ಚಿನಲ್ಲಿ ಸಯಾನ್ ತುಸು ಹೆಚ್ಚಾದರೆ ಪ್ರಯೋಗ ಸರಿಯಾಗಿ ಮಾಡಿದ ವಿದ್ಯಾರ್ಥಿಯೂ ತಪ್ಪು ಉತ್ತರ ಬರೆಯುತ್ತಾನೆ.

ಇದಕ್ಕಿಂತ ಗಂಭೀರವಾದುದು ವರ್ಣದೃಷ್ಟಿ ಪರೀಕ್ಷೆ. ಜಪಾನಿನ ವೈದ್ಯ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ, ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಚಿತ್ರಗಳನ್ನು ಜಗತ್ತಿನೆಲ್ಲೆಡೆ ಬಳಸುತ್ತಾರೆ. ರೈಲು ಚಾಲಕ, ವಿಮಾನ ಚಾಲಕ ಮುಂತಾದ ಹುದ್ದೆಗಳಿಗೆ ಬಣ್ಣ ಗುರುತಿಸುವ ಪರೀಕ್ಷೆ ದಾಟಲೇಬೇಕು. ಈ ಚಿತ್ರಗಳಲ್ಲಿ ಅಂಕಿಯ ಚುಕ್ಕಿಗೂ ಹಿನ್ನೆಲೆಯ ಚುಕ್ಕಿಗೂ ವ್ಯತ್ಯಾಸ ಇರಬೇಕಾದುದು ಬಣ್ಣದಲ್ಲಿ ಮಾತ್ರ. ಅಂಕಿ ತನ್ನ ಹೊಳಪಿನಿಂದ ಬೇರೆಯಾಗಿ ಕಾಣಬಾರದು. ಕಳಪೆ ನಕಲಿನಲ್ಲಿ ಅಂಕಿ ತುಸು ಕಪ್ಪಾಗಿ ಬಿದ್ದರೆ ಬಣ್ಣಗುರುಡು ಇರುವವರೂ ಓದಿಬಿಡುತ್ತಾರೆ. ಬಣ್ಣ ಇನ್ನೊಂದು ಕಡೆ ವಾಲಿದರೆ ಒಳ್ಳೆಯ ಕಣ್ಣಿನವರೇ ತಡವರಿಸುತ್ತಾರೆ. ಬಿಸಿಲಿಗೆ ಮಾಸಿದ ಪುಸ್ತಕ, ಬಣ್ಣದ ಜೆರಾಕ್ಸ್, ಫೋನಿನ ಪರದೆ ಯಾವುದೂ ಈ ಪರೀಕ್ಷೆಗೆ ನಂಬಿಕೆಗೆ ಅರ್ಹವಲ್ಲ. ಇಂಥ ನಕಲನ್ನು ನೋಡಿ ಮಕ್ಕಳ ಕಣ್ಣಿನ ಬಗ್ಗೆ ತೀರ್ಮಾನಕ್ಕೆ ಬರುವ ಬದಲು ಪಾಲಕರು ಅವರನ್ನು ನೇತ್ರತಜ್ಞರ ಬಳಿ ಕರೆದೊಯ್ಯುವುದು ಒಳ್ಳೆಯದು.

ಕಲಿಯುವವರಿಗೆ ದಾರಿ

ಅಳೆಯುವ ಉಪಕರಣಗಳು ದುಬಾರಿ. ಸಣ್ಣ ಮುದ್ರಣಾಲಯಗಳು ಇವತ್ತಿಗೂ ಅನುಭವಿ ಯಂತ್ರಚಾಲಕನ ಕಣ್ಣನ್ನೇ ನೆಚ್ಚಿವೆ. ಆ ಕಣ್ಣಿನ ಬೆಲೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಕಣ್ಣು ದಣಿಯುತ್ತದೆ, ನಿನ್ನೆಯ ಬಣ್ಣವನ್ನು ಮರೆಯುತ್ತದೆ, ನಿವೃತ್ತಿಯೂ ಆಗುತ್ತದೆ. ಅಂಕಿಗಳು ಉಳಿಯುತ್ತವೆ. ಔಷಧದ ಪೊಟ್ಟಣ, ಆಹಾರದ ಪೆಟ್ಟಿಗೆ, ರಫ್ತಾಗುವ ಪುಸ್ತಕ ಇವುಗಳನ್ನು ಅಚ್ಚು ಹಾಕಿಸುವ ದೊಡ್ಡ ಗ್ರಾಹಕರು ಅಂಕಿಗಳನ್ನೇ ಕೇಳುತ್ತಾರೆ. ಆದ್ದರಿಂದ ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ಮೂರನ್ನೂ ಬಲ್ಲ, ಕೈಗೆ ಶಾಯಿ ಹತ್ತಿದರೆ ಬೇಸರಿಸದ ಯುವಕ ಯುವತಿಯರಿಗೆ ಇಲ್ಲಿ ಕೆಲಸವಿದೆ. ಮಣಿಪಾಲದಲ್ಲಿ ಮುದ್ರಣ ತಂತ್ರಜ್ಞಾನದ ಎಂಜಿನಿಯರಿಂಗ್ ಶಿಕ್ಷಣ ದಶಕಗಳ ಹಿಂದೆಯೇ ಆರಂಭವಾಗಿತ್ತು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ, ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯಗಳೂ ಈ ವಿಷಯಕ್ಕೆ ಹೆಸರಾದವು. ಸೇರುವ ಮುನ್ನ ಆಯಾ ವರ್ಷದ ಕೋರ್ಸುಗಳ ವಿವರವನ್ನು ಸಂಸ್ಥೆಯಿಂದಲೇ ಪಡೆಯುವುದು ಕ್ಷೇಮ.

ಮೊದಲ ಪಾಠಕ್ಕೆ ಕಾಲೇಜು ಬೇಕಿಲ್ಲ. ಬಣ್ಣದ ದಿನಪತ್ರಿಕೆಯ ಪುಟದ ಅಂಚನ್ನು ಹುಡುಕಿದರೆ ಅನೇಕ ಪತ್ರಿಕೆಗಳಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಬಣ್ಣದ ನಾಲ್ಕು ಪುಟ್ಟ ಗುರುತುಗಳು ಕಾಣಸಿಗುತ್ತವೆ. ಓದುಗರಿಗಲ್ಲ, ಮುದ್ರಕರಿಗೆಂದು ಇಟ್ಟ ಗುರುತುಗಳು ಅವು. ನಾಲ್ಕೂ ಸಾಲಾಗಿ, ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದರೆ ಆ ಪುಟದ ಚಿತ್ರಗಳು ಚೊಕ್ಕಟವಾಗಿರುತ್ತವೆ. ಒಂದು ಅತ್ತಿತ್ತ ಜರುಗಿದ್ದರೆ ಚಿತ್ರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಒಂದು ವಾರ ಪ್ರತಿದಿನ ಈ ಗುರುತುಗಳನ್ನೂ ಚಿತ್ರಗಳನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ನೋಡಿ, ಕಂಡದ್ದನ್ನು ಬರೆದಿಡಿ. ಪತ್ರಿಕೆಯ ಬಣ್ಣ ಯಾವ ದಿನ ಸರಿಯಿತ್ತು, ಯಾವ ದಿನ ತಪ್ಪಿತು ಎಂಬುದನ್ನು ನೀವೇ ಹೇಳಬಲ್ಲಿರಿ.